ಹಸಿರು ಕಟ್ಟಡವೂ ಅದರ ಪ್ರಮಾಣಪತ್ರವೂ



ಬಳ್ಳಾರಿಯ ಬೇಸಗೆಯನ್ನು ಬಳ್ಳಾರಿಯವರಿಗೆ ವರ್ಣಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ಚೈತ್ರ ವೈಶಾಖಗಳಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವುದು. ಕೋಟೆಯ ಗುಡ್ಡದ ಬಂಡೆಯು ಹಗಲೆಲ್ಲ ಕುಡಿದ ಬಿಸಿಲನ್ನು ಇರುಳೆಲ್ಲ ಉಗುಳುವುದು. ಇಂತಹ ಊರಿನಲ್ಲಿ ಕಟ್ಟಡದ ಮೊದಲನೆಯ ಧರ್ಮವು ನೆರಳನ್ನು ಕೊಡುವುದು. ಹೀಗಿದ್ದರೂ ಈಚಿನ ಕಾಲದಲ್ಲಿ ವಾಣಿಜ್ಯಭವನವೆಂದೊಡನೆ ಮುಂಗಡೆಯನ್ನೆಲ್ಲ ಗಾಜಿನಿಂದ ಹೊದಿಸತಕ್ಕದ್ದೆಂಬ ಅಭಿಪ್ರಾಯವು ಪಟ್ಟಣಗಳಲ್ಲೆಲ್ಲ ಬಲಿತಿದೆ. ಚಳಿಯ ದೇಶದವರು ಬಿಸಿಲನ್ನು ಮನೆಯೊಳಗೆ ಬರಮಾಡಿಕೊಳ್ಳುವುದಕ್ಕಾಗಿ ಬಳಸಿದ ಉಪಾಯವನ್ನು, ಬಿಸಿಲಿಗೆ ಬೆನ್ನು ಮಾಡಿ ಕೂಡಬೇಕಾದವರು ಹಣ ಕೊಟ್ಟು ತರಿಸಿಕೊಳ್ಳುತ್ತಿದ್ದಾರೆ. ಗಾಜು ಸೂರ್ಯನ ಕಿರಣವನ್ನು ಸುಲಭವಾಗಿ ಒಳಗೆ ಬಿಡುವುದು. ಒಳಗಿನ ನೆಲ, ಗೋಡೆ, ಮೇಜುಗಳು ಕಾದು ಸೂಸುವ ಶಾಖವನ್ನಾದರೋ ಹೊರಗೆ ಬಿಡದು. ಬಳಿಕ ಆ ಶಾಖವನ್ನು ಹೊರಹಾಕುವುದಕ್ಕೆ ಹವಾನಿಯಂತ್ರಣ ಯಂತ್ರವು ಬೇಕು. ಆ ಯಂತ್ರವು ಅದನ್ನು ಓಣಿಗೆ ಎಸೆಯುವುದು. ಓಣಿಯಲ್ಲಿ ನಡೆಯುವವನು ಅದನ್ನು ಉಣ್ಣುವನು.

ಸತ್ಯನಾರಾಯಣಪೇಟೆಯಲ್ಲಿ ಒಬ್ಬ ಗೃಹಸ್ಥರು ಮೂರಂತಸ್ತಿನ ವಾಣಿಜ್ಯಭವನವೊಂದನ್ನು ಕಟ್ಟಿಸಲು ಸಂಕಲ್ಪಿಸಿದ್ದಾರೆಂದು ಭಾವಿಸೋಣ. ನಿವೇಶನವು ಪಶ್ಚಿಮಕ್ಕೆ ಮುಖವಾಗಿದೆ. ಕೆಳಗೆ ಅಂಗಡಿಗಳು, ಮೇಲೆ ಬಾಡಿಗೆಗೆ ಕೊಡುವ ಕಚೇರಿಗಳು. ‘ಹಸಿರು ಕಟ್ಟಡವೆಂಬ ಪ್ರಮಾಣಪತ್ರವನ್ನು ಪಡೆಯಿರಿ, ಬಾಡಿಗೆ ಹೆಚ್ಚು ಬರುವುದು’ ಎಂದು ಹಿತೈಷಿಗಳು ಹೇಳುತ್ತಾರೆ. ‘ಅದು ಮಹಾನಗರದವರ ಆಡಂಬರ, ನಮಗೇಕೆ?’ ಎಂದು ಮನೆಯ ಹಿರಿಯರು ಹೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಎಷ್ಟೆಷ್ಟೆಂಬುದನ್ನು ವಿಚಾರಿಸುವುದೇ ಈ ಉಪನ್ಯಾಸದ ಉದ್ದೇಶ.

ಈ ಪ್ರಮಾಣಪತ್ರವೆಂಬುದು ಬಹಳ ಹಳೆಯ ವಸ್ತುವಲ್ಲ. ಇಂಗ್ಲೆಂಡಿನಲ್ಲಿ ‘ಬ್ರೀಯಂ’ ಎಂಬ ಪದ್ಧತಿಯು ೧೯೯೦ರಲ್ಲಿಯೂ, ಅಮೆರಿಕದಲ್ಲಿ ‘ಲೀಡ್’ ಎಂಬುದು ೧೯೯೮ರಲ್ಲಿಯೂ ಹುಟ್ಟಿದವು. ಭಾರತದಲ್ಲಿ ಕೈಗಾರಿಕೋದ್ಯಮಿಗಳ ಒಕ್ಕೂಟದ ಆಶ್ರಯದಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿಯು ೨೦೦೧ರಲ್ಲಿ ಸ್ಥಾಪಿತವಾಯಿತು. ಹೈದರಾಬಾದಿನಲ್ಲಿ ಅದೇ ಒಕ್ಕೂಟದ ಸೊಹ್ರಾಬ್ಜಿ ಗೋದ್ರೆಜ್ ಹಸಿರು ವಾಣಿಜ್ಯ ಕೇಂದ್ರವು ಅಮೆರಿಕದ ಹೊರಗೆ ಲೀಡ್ ಪದ್ಧತಿಯ ಅತ್ಯುಚ್ಚ ದರ್ಜೆಯನ್ನು ಪಡೆದ ಮೊಟ್ಟಮೊದಲಿನ ಕಟ್ಟಡವೆನಿಸಿತು. ರಾಷ್ಟ್ರಪತಿಗಳಾಗಿದ್ದ ಅಬ್ದುಲ್ ಕಲಾಮರು ೨೦೦೪ರ ಜುಲೈ ತಿಂಗಳಿನಲ್ಲಿ ಅದನ್ನು ಉದ್ಘಾಟಿಸಿದರು. ಗಾಳಿಗೋಪುರಗಳು, ಜಾಲಂಧ್ರದ ಗೋಡೆಗಳು, ಬಳಸಿದ ನೀರನ್ನು ಗಿಡಗಳ ಬೇರಿನ ಮೂಲಕ ಹರಿಸಿ ಶೋಧಿಸುವ ಏರ್ಪಾಡು ಇವೆಲ್ಲ ಅಲ್ಲಿವೆ. ಅನಂತರ ದೆಹಲಿಯ ‘ಟೆರಿ’ ಸಂಸ್ಥೆಯೂ ಕೇಂದ್ರ ಸರಕಾರದ ಇಲಾಖೆಯೂ ಕೂಡಿ, ನಮ್ಮ ದೇಶದ ಹವೆಗೆ ಒಪ್ಪುವಂತೆ ‘ಗೃಹ’ ಎಂಬ ಪದ್ಧತಿಯನ್ನು ರೂಪಿಸಿದರು. ಒಂದು ಪದ್ಧತಿಯಲ್ಲಿ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ದರ್ಜೆಗಳು. ಇನ್ನೊಂದರಲ್ಲಿ ಒಂದರಿಂದ ಐದರವರೆಗೆ ನಕ್ಷತ್ರಗಳು. ಲೋಹಗಳ ಹೆಸರನ್ನಿಟ್ಟುದು ವರ್ತಕರಿಗೆ ಬೇಗನೆ ಅರ್ಥವಾಗಲೆಂದೇ ಇರಬೇಕು!

ಈ ಪದ್ಧತಿಗಳ ಕ್ರಮವು ಪಾಠಶಾಲೆಯ ಪರೀಕ್ಷೆಯ ಕ್ರಮವೇ. ನಿವೇಶನ, ನೀರು, ವಿದ್ಯುತ್ತು, ಸಾಮಗ್ರಿ, ಒಳಗಿನ ಗಾಳಿಬೆಳಕು, ಕಸದ ವಿಲೇವಾರಿ ಎಂಬ ವಿಷಯಗಳಿಗೆ ಇಂತಿಷ್ಟು ಅಂಕಗಳೆಂದು ನಿಗದಿಯಾಗಿರುವುದು. ಕೆಲವು ಕಡ್ಡಾಯ, ಮಿಕ್ಕವು ಐಚ್ಛಿಕ. ಗೃಹ ಪದ್ಧತಿಯ ಆದಿಯಲ್ಲಿ ೫೦ ಅಂಕಗಳಿಗೆ ಒಂದು ನಕ್ಷತ್ರವೂ ೯೧ಕ್ಕೆ ಐದು ನಕ್ಷತ್ರಗಳೂ ದೊರೆಯುತ್ತಿದ್ದವು. ಆದರೆ ಪರೀಕ್ಷೆಯಲ್ಲಿ ಉತ್ತೀರ್ಣನಾದವನೆಲ್ಲ ಪಂಡಿತನಲ್ಲವೆಂಬುದು ಪಾಠಶಾಲೆಯವರಿಗೆ ಗೊತ್ತೇ ಇದೆ. ಸೈಕಲ್ಲು ನಿಲ್ಲಿಸುವ ತಾಣಕ್ಕೂ ಅಂಕವುಂಟು, ಪಶ್ಚಿಮದ ಬಿಸಿಲನ್ನು ತಡೆದದ್ದಕ್ಕೂ ಅಂಕವುಂಟು. ಸುಲಭವಾದ ಅಂಕಗಳನ್ನು ಆಯ್ದು ಕೂಡಿಸಿ ದರ್ಜೆಯನ್ನು ಗಿಟ್ಟಿಸುವುದೂ ಸಾಧ್ಯ. ಕಟ್ಟಡವು ಏಳುವುದಕ್ಕೆ ಮುಂಚೆಯೇ ನಕ್ಷೆಗಳನ್ನು ನೋಡಿ ಕೊಡುವ ಪೂರ್ವಪ್ರಮಾಣವೊಂದುಂಟು. ಜಾಹೀರಾತುಗಳಲ್ಲಿ ಕಾಣುವುದು ಎಷ್ಟೋ ವೇಳೆ ಇದೇ. ಅಮೆರಿಕದಲ್ಲಿ ಲೀಡ್ ಪಡೆದ ೧೨೧ ಕಟ್ಟಡಗಳ ವಿದ್ಯುತ್ತಿನ ಲೆಕ್ಕವನ್ನು ೨೦೦೮ರಲ್ಲಿ ಪರಿಶೀಲಿಸಿದಾಗ, ಸರಾಸರಿಯಾಗಿ ಅವು ಮಿಕ್ಕ ಕಟ್ಟಡಗಳಿಗಿಂತ ಕಡಿಮೆ ಶಕ್ತಿಯನ್ನು ಬಳಸುತ್ತಿದ್ದುದು ಕಂಡುಬಂದಿತು. ಆದರೆ ಕೆಲವಂತೂ ಸಾಮಾನ್ಯ ನಿಯಮದ ಮಿತಿಗಿಂತಲೂ ಹೆಚ್ಚಾಗಿ ಬಳಸುತ್ತಿದ್ದವು. ಲಾಂಛನ ಬೇರೆ, ಆಚಾರ ಬೇರೆ ಎಂಬ ಭೇದವನ್ನು ಈ ಮಠದ ಭಕ್ತರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಹಾಗೆಂದು ಲಾಂಛನವು ವ್ಯರ್ಥವೆಂದು ಯಾರೂ ಹೇಳರು. ಪ್ರಮಾಣಪತ್ರವನ್ನು ಬಯಸಿದ ಧಣಿಯು ವಾಸ್ತುಶಿಲ್ಪಿಯನ್ನೂ ಇಂಜಿನಿಯರನ್ನೂ ಆರಂಭದಲ್ಲಿಯೇ ಒಂದೆಡೆ ಕೂರಿಸಿ ಲೆಕ್ಕ ಕೇಳುವನು. ಲೆಕ್ಕ ಕೇಳುವವನಿದ್ದರೆ ಕೆಲಸವು ನೆಟ್ಟಗಾಗುವುದು.

ಇದಕ್ಕಿಂತ ನೇರವಾದ ಇನ್ನೊಂದು ಅಳತೆಯುಂಟು. ೨೦೦೧ರ ಶಕ್ತಿ ಸಂರಕ್ಷಣಾ ಕಾಯಿದೆಯಂತೆ ಏರ್ಪಟ್ಟ ಕೇಂದ್ರದ ಶಕ್ತಿದಕ್ಷತಾ ಸಂಸ್ಥೆಯು ೨೦೦೭ರಲ್ಲಿ ವಾಣಿಜ್ಯ ಕಟ್ಟಡಗಳಿಗೆ ಒಂದು ಸಂಹಿತೆಯನ್ನು ಪ್ರಕಟಿಸಿತು. ೨೦೦೯ರಲ್ಲಿ ಕಚೇರಿ ಕಟ್ಟಡಗಳಿಗೆ ನಕ್ಷತ್ರ ಕೊಡುವ ಯೋಜನೆಯನ್ನು ಆರಂಭಿಸಿತು. ಈ ನಕ್ಷತ್ರಗಳು ನಕ್ಷೆಯನ್ನು ನೋಡಿ ಕೊಡತಕ್ಕವುಗಳಲ್ಲ. ಒಂದು ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ಟು ವಿದ್ಯುತ್ತು ನಿಜವಾಗಿ ಖರ್ಚಾಯಿತೆಂಬುದನ್ನು ಮೀಟರಿನಿಂದ ಓದಿ ಕೊಡುವವು. ಮೀಟರಿಗೆ ದಾಕ್ಷಿಣ್ಯವಿಲ್ಲ.

ಇನ್ನು ಸತ್ಯನಾರಾಯಣಪೇಟೆಯ ನಿವೇಶನಕ್ಕೆ ಬರೋಣ. ಬಳ್ಳಾರಿಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ೧೫ ಡಿಗ್ರಿಗಿಂತ ತುಸು ಮೇಲಿದೆ. ಆದಕಾರಣ ಮೇ ತಿಂಗಳಿನ ಆದಿಯಲ್ಲೊಮ್ಮೆ, ಆಗಸ್ಟಿನ ನಡುವಿಗೆ ಸಮೀಪದಲ್ಲೊಮ್ಮೆ ಮಧ್ಯಾಹ್ನದ ಸೂರ್ಯನು ನಿಂತವನ ನೆತ್ತಿಯ ಮೇಲೆಯೇ ಬರುವನು; ಆಗ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಇದರಿಂದ ತಿಳಿಯತಕ್ಕುದೇನೆಂದರೆ, ಬೇಸಗೆಯ ಬಿಸಿಲಿನ ಮುಖ್ಯಭಾರವು ಬೀಳುವುದು ಮಾಳಿಗೆಯ ಮೇಲೆ. ಅದರ ತರುವಾಯ ಪೂರ್ವ ಪಶ್ಚಿಮಗಳ ಗೋಡೆಗಳ ಮೇಲೆ. ದಕ್ಷಿಣದ ಗೋಡೆಯನ್ನು ಕಾಪಾಡುವುದು ಬಹು ಸುಲಭ: ಹಗಲಿರುಳು ಸಮವಾಗಿರುವ ದಿನದ ಮಧ್ಯಾಹ್ನದಲ್ಲಿ ಒಂದಡಿ ಚಾಚಿದ ಸಜ್ಜಾವು ಕೆಳಗೆ ಮೂರೂವರೆ ಅಡಿಗೂ ಮಿಗಿಲಾಗಿ ನೆರಳು ಕೊಡುವುದು. ಪಶ್ಚಿಮದ ಸೂರ್ಯನಾದರೋ ಸಾಯಂಕಾಲ ಕೆಳಗಿಳಿದು ಸಜ್ಜಾದ ಅಡಿಯಿಂದಲೇ ಒಳನುಗ್ಗುವನು. ಅವನನ್ನು ತಡೆಯುವುದಕ್ಕೆ ಅಡ್ಡಸಜ್ಜಾ ಸಾಲದು, ನಿಲುವಿನ ಮರೆಯೇ ಬೇಕು. ನಮ್ಮ ಗೃಹಸ್ಥರ ನಿವೇಶನವು ಪಶ್ಚಿಮಾಭಿಮುಖವಾದುದರಿಂದ, ಗಾಜನ್ನು ಹಚ್ಚಬೇಕೆಂದು ಆಸೆಪಟ್ಟ ಜಾಗವೇ ಅದನ್ನು ಹಚ್ಚಬಾರದ ಜಾಗ. ಅಲ್ಲಿ ಅಂಗಡಿಗಳ ಮುಂದೆ ಆಳವಾದ ಪಡಸಾಲೆಯನ್ನಿಟ್ಟು, ಮೇಲಂತಸ್ತುಗಳಿಗೆ ಜಾಲಂಧ್ರದ ಮರೆಯನ್ನು ಕೊಟ್ಟು, ಮೆಟ್ಟಿಲು ಶೌಚಾಲಯಗಳನ್ನು ಆ ಪಕ್ಕಕ್ಕೆ ಸೇರಿಸಿದರೆ, ಕೆಲಸ ಮಾಡುವವರು ಕೂಡುವ ಭಾಗವು ಒಳಗೆ ತಂಪಾಗಿ ಉಳಿಯುವುದು. ಶಕ್ತಿಸಂಹಿತೆಯ ಸರಳ ಮಾರ್ಗದಲ್ಲಿಯೂ ಕಿಟಕಿಗಳು ಗೋಡೆಯ ನೂರರಲ್ಲಿ ೪೦ ಪಾಲನ್ನು ಮೀರಕೂಡದೆಂದು ವಿಧಿಯಿದೆ. ಬಳ್ಳಾರಿಗೆ ಅದೂ ಧಾರಾಳವೇ. ಮಾಳಿಗೆಯನ್ನು ಬಿಳಿದು ಮಾಡುವುದಂತೂ ಅತಿ ಅಗ್ಗದ ಕಾರ್ಯ. ಬಿದ್ದ ಬಿಸಿಲಿನ ನೂರರಲ್ಲಿ ೬೦ ಪಾಲನ್ನಾದರೂ ಹಿಂದಕ್ಕೆ ಎಸೆಯುವ ಮೇಲ್ಮೈ ಇರಬೇಕೆಂದು ೨೦೧೭ರ ಪರಿಷ್ಕೃತ ಸಂಹಿತೆಯು ಹೇಳಿದುದನ್ನು, ಒಳ್ಳೆಯ ಸುಣ್ಣವು ಹೊಸದಾಗಿರುವಾಗ ತಾನಾಗಿಯೇ ಮಾಡುವುದು. ಧೂಳು ಕೂತರೆ ಮಾತ್ರ ಅದರ ಶಕ್ತಿ ಕುಂದುವುದು. ಆದಕಾರಣ ಅದನ್ನು ತೊಳೆಯುವುದೂ ಮರಳಿ ಬಳಿಯುವುದೂ ಅವಶ್ಯ.

ಇವೆಲ್ಲ ಕಾಗದದ ಮೇಲಿನ ಮಾತೆಂದು ತಿಳಿಯಲಾಗದು. ಬೆಂಗಳೂರಿನ ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ಕಚೇರಿಯೊಂದಿದೆ. ವಾಸ್ತುಶಿಲ್ಪಿ ಸಂಜಯ ಮೋಹೆಯವರು ಅದನ್ನು ರಚಿಸಿದರು. ಆ ನಿವೇಶನಕ್ಕೆ ದಕ್ಷಿಣದಲ್ಲಿ ದುರ್ಗಂಧದ ಮೋರಿ. ಗಾಳಿ ಬೀಸುವುದೂ ಆ ಕಡೆಯಿಂದಲೇ. ಕಿಟಕಿಯನ್ನು ತೆರೆದರೆ ನಾತ, ಮುಚ್ಚಿದರೆ ಸೆಕೆ. ಅವರು ದಕ್ಷಿಣದ ಗೋಡೆಯನ್ನು ಕಿಟಕಿಯಿಲ್ಲದೆ ಎರಡು ಪದರವಾಗಿ ಕಟ್ಟಿಸಿ, ಹೊರಪದರಕ್ಕೆ ಕಪ್ಪು ಕಡಪದ ಕಲ್ಲನ್ನು ಹಚ್ಚಿಸಿದರು. ಬಿಸಿಲಿಗೆ ಕಲ್ಲು ಕಾಯುವುದು. ಪದರಗಳ ನಡುವಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುವುದು. ಅದರ ಸ್ಥಾನವನ್ನು ತುಂಬಲು ಉತ್ತರದ ತೋಟದ ತಂಪು ಗಾಳಿಯು ಕಚೇರಿಯನ್ನೆಲ್ಲ ಹಾದು ಬರುವುದು. ಯಾವ ಬಿಸಿಲು ಶತ್ರುವೆನಿಸಿತ್ತೋ ಅದೇ ಬೀಸಣಿಗೆಯ ಆಳಾಯಿತು! ಆದರೆ ಇದನ್ನು ಬಳ್ಳಾರಿಗೆ ಹಾಗೆಯೇ ಎತ್ತಿ ತಂದರೆ ಪ್ರಮಾದವಾದೀತು. ಬೆಂಗಳೂರಿನ ಗಾಳಿ ಹಗಲಿನಲ್ಲಿಯೂ ತಂಪು; ಇಲ್ಲಿ ವೈಶಾಖದ ಮಧ್ಯಾಹ್ನದ ಗಾಳಿಯನ್ನು ಒಳಗೆ ಕರೆಯುವುದು ಬೆಂಕಿಯನ್ನು ಕರೆದಂತೆಯೇ.

ಇಲ್ಲಿಯ ಉಪಾಯವು ಇಲ್ಲಿಯ ಹಳೆಯ ಮಾಳಿಗೆ ಮನೆಗಳಲ್ಲಿದೆ. ಮೊಳಕ್ಕೂ ಮಿಗಿಲಾದ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ. ಹಗಲಿನಲ್ಲಿ ಬಾಗಿಲು ಮುಚ್ಚಿ ಒಳಗಿರುವರು, ಇರುಳಿನಲ್ಲಿ ತೆರೆದು ಮಾಳಿಗೆಯ ಮೇಲೆ ಮಲಗುವರು. ಹಗಲಿನ ಶಾಖವು ದಪ್ಪ ಗೋಡೆಯನ್ನು ದಾಟಿ ಒಳಗೆ ಮುಟ್ಟುವ ವೇಳೆಗೆ ಹೊತ್ತು ಮುಳುಗಿರುವುದು. ಇಲ್ಲಿ ಬೇಸಗೆಯ ಇರುಳು ಹಗಲಿಗಿಂತ ಹತ್ತು ಹನ್ನೆರಡು ಡಿಗ್ರಿಯಷ್ಟಾದರೂ ಇಳಿಯುವುದರಿಂದ ಗೋಡೆಗಳು ಬೆಳಗಿನ ವೇಳೆಗೆ ಮರಳಿ ತಣಿಯುವುವು. ಆ ಮನೆಗಳನ್ನು ಹಾಡಿಹೊಗಳುವ ಕಾರಣವಿಲ್ಲ: ಮಳೆಗಾಲದಲ್ಲಿ ಸೋರುತ್ತಿದ್ದವು, ಒಳಗೆ ಕತ್ತಲೆ, ಹೆಂಗಸರು ಅಡಿಗೆಮನೆಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡರು. ಅವುಗಳ ತತ್ತ್ವವನ್ನಷ್ಟೇ ಗ್ರಹಿಸತಕ್ಕುದು. ವಾಣಿಜ್ಯಭವನದಲ್ಲಿ ಒಂದು ತೊಡಕುಂಟು. ಇರುಳಿನಲ್ಲಿ ಅಂಗಡಿಗೆ ಬೀಗ, ಕಿಟಕಿ ತೆರೆದಿಟ್ಟರೆ ಕಳ್ಳರ ಭಯ. ಅದಕ್ಕೆ ಸೂರಿನ ಹತ್ತಿರ ಕಬ್ಬಿಣದ ಸರಳಿನ ಗಾಳಿಗಂಡಿಗಳನ್ನಿಟ್ಟು, ಇರುಳಿನಲ್ಲಿ ಮಾತ್ರ ತಿರುಗುವ ಫ್ಯಾನಿನಿಂದ ಒಳಗಿನ ಬಿಸಿಗಾಳಿಯನ್ನು ಹೊರದೂಡಬಹುದು.

ಸಾಮಗ್ರಿಯ ವಿಷಯದಲ್ಲಿ ಈ ಜಿಲ್ಲೆಯವರಿಗೆ ಒಂದು ವಿಶೇಷ ಅನುಕೂಲವಿದೆ. ಸಿಮೆಂಟನ್ನು ಮಾಡಬೇಕಾದರೆ ಸುಣ್ಣದ ಕಲ್ಲನ್ನು ಸುಮಾರು ೧೪೫೦ ಡಿಗ್ರಿಯವರೆಗೆ ಕಾಯಿಸಬೇಕು. ಉರುವಲಿನ ಹೊಗೆಯಲ್ಲದೆ ಕಲ್ಲಿನೊಳಗಿಂದಲೇ ಅಂಗಾರವಾಯುವು ಹೊರಡುವುದು, ಅದರ ಪಾಲೇ ಹೆಚ್ಚು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕುಲುಮೆಗಳಿಂದ ಹೊರಬರುವ ಕಿಟ್ಟವನ್ನು ಅರೆದು ಸಿಮೆಂಟಿನಲ್ಲಿ ಬೆರೆಸಬಹುದು. ಭಾರತೀಯ ಮಾನಕವು ನೂರಕ್ಕೆ ೨೫ರಿಂದ ೭೦ರವರೆಗೆ ಇದನ್ನು ಒಪ್ಪುವುದು. ಕುಡಿತಿನಿಯ ಶಾಖವಿದ್ಯುತ್ ಕೇಂದ್ರದ ಬೂದಿಯಿಂದ ಇಟ್ಟಿಗೆಗಳಾಗುವುವು. ಇಟ್ಟಿಗೆ ಸುಡುವುದೂ ತಪ್ಪುವುದು, ಹೊಲದ ಮೇಲ್ಮಣ್ಣೂ ಉಳಿಯುವುದು. ಬೇರೆಯವರು ದೂರದಿಂದ ತರಿಸಿ ಅಂಕ ಗಳಿಸುವುದನ್ನು ಬಳ್ಳಾರಿಯವರು ಮನೆಯ ಬಾಗಿಲಿನಲ್ಲೇ ಪಡೆಯಬಹುದು.

ನೀರಿನ ಲೆಕ್ಕವನ್ನೂ ಮಾಡಿ ನೋಡೋಣ. ವರ್ಷಕ್ಕೆ ಸುಮಾರು ೫೦೦ ಮಿಲಿಮೀಟರು ಮಳೆಯೆಂದು ಹಿಡಿದರೆ, ೧೦೦೦ ಚದರ ಮೀಟರಿನ ಮಾಳಿಗೆಯ ಮೇಲೆ ಐದು ಲಕ್ಷ ಲೀಟರು ಬೀಳುವುದು; ಐದರಲ್ಲೊಂದು ಪಾಲು ವ್ಯರ್ಥವಾದರೂ ನಾಲ್ಕು ಲಕ್ಷ ಕೈಗೆ ಸಿಕ್ಕುವುದು. ಶೌಚಾಲಯಕ್ಕೂ ಗಿಡಗಳಿಗೂ ಇದು ಅಲ್ಪವಲ್ಲ. ಊರಿನವರು ತುಂಗಭದ್ರೆಯ ಕಾಲುವೆಯನ್ನು ನೆಚ್ಚಿಕೊಂಡಿದ್ದಾರೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಆ ಅಣೆಕಟ್ಟಿನ ೧೯ನೆಯ ತೂಬುಬಾಗಿಲು ಸರಪಳಿ ಕಡಿದು ಕೊಚ್ಚಿಹೋದಾಗ, ಕೂಡಿಟ್ಟ ನೀರು ಹೊಳೆಗೆ ಹರಿದುಹೋಗುತ್ತಿದ್ದುದನ್ನು ಕಂಡು ರೈತರು ಎಷ್ಟು ಕಳವಳಗೊಂಡರೆಂಬುದು ಎಲ್ಲರ ನೆನಪಿನಲ್ಲಿದೆ.

ಕಡೆಯದಾಗಿ, ಎಲ್ಲಕ್ಕಿಂತ ಕಠಿನವಾದ ತೊಡಕು ಕಲ್ಲುಗಾರೆಯದಲ್ಲ, ಕರಾರಿನದು. ಕಟ್ಟಿಸುವವನು ಧಣಿ, ವಿದ್ಯುತ್ತಿನ ಹಣ ಕೊಡುವವನು ಬಾಡಿಗೆದಾರ, ಸೆಕೆಯನ್ನು ಅನುಭವಿಸುವವರು ಮೇಲಂತಸ್ತಿನಲ್ಲಿ ದಿನವಿಡೀ ಕೂತು ಸಂಬಳಕ್ಕೆ ದುಡಿಯುವ ಗುಮಾಸ್ತೆಯರು, ಹುಡುಗಿಯರು. ಗೋಡೆಯ ದಪ್ಪಕ್ಕೆ ಧಣಿಯು ಮಾಡಿದ ವೆಚ್ಚದ ಫಲವು ಬಾಡಿಗೆದಾರನ ಬಿಲ್ಲಿನಲ್ಲಿ ಕಾಣುವುದು. ಧಣಿಯು ಉಳಿಸಿದ ಹಣದ ನಷ್ಟವೂ ಅಲ್ಲಿಯೇ. ಆದಕಾರಣ ಹೆಚ್ಚಿನವರು ತೆಳುಗೋಡೆಯನ್ನೇ ಕಟ್ಟಿಸುವರು. ನಮ್ಮ ಗೃಹಸ್ಥರು ಇದನ್ನು ತಪ್ಪಿಸಬೇಕೆಂದಿದ್ದರೆ, ಪ್ರತಿಯೊಂದು ಅಂತಸ್ತಿಗೂ ಬೇರೆ ಬೇರೆ ಮೀಟರುಗಳನ್ನು ಹಾಕಿಸಿ, ಹಿಂದಿನ ವರ್ಷದ ಯೂನಿಟ್ಟುಗಳ ಲೆಕ್ಕವನ್ನು ಬಾಡಿಗೆಯ ಕರಾರಿನೊಡನೆ ತೋರಿಸತಕ್ಕುದು. ಬಿಲ್ಲು ಕಡಿಮೆಯೆಂದು ಕಂಡ ಬಾಡಿಗೆದಾರನು ತುಸು ಹೆಚ್ಚು ಬಾಡಿಗೆಗೂ ಒಪ್ಪುವನು. ಪ್ರಮಾಣಪತ್ರವೂ ಬೇಕೆಂದಾದರೆ, ೨೫೦೦ ಚದರ ಮೀಟರಿಗೆ ಒಳಪಟ್ಟ ಚಿಕ್ಕ ಕಟ್ಟಡಗಳಿಗೆಂದೇ ಗೃಹದವರು ‘ಸ್ವಗೃಹ’ ಎಂಬ ಹಗುರವಾದ ಪದ್ಧತಿಯನ್ನು ಮಾಡಿದ್ದಾರೆ. ಪೇಟೆಯ ಕಟ್ಟಡಕ್ಕೆ ಅದು ಸಾಕಾಗುವುದು. ಆದರೆ ಅರ್ಜಿಯನ್ನು ಬರೆಯುವುದಕ್ಕೆ ಮುಂಚೆ, ಪಾಯದ ಗುರುತು ಹಾಕುವುದಕ್ಕೂ ಮುಂಚೆ, ವಾಸ್ತುಶಿಲ್ಪಿಯನ್ನು ಕರೆದುಕೊಂಡು ವೈಶಾಖದ ಒಂದು ದಿನ ಸಾಯಂಕಾಲ ನಾಲ್ಕು ಗಂಟೆಗೆ ನಿವೇಶನದ ಪಶ್ಚಿಮದ ಅಂಚಿನಲ್ಲಿ ಅರ್ಧ ಗಂಟೆ ಕೊಡೆಯಿಲ್ಲದೆ ನಿಂತುಕೊಂಡು, ಬಳಿಕ ನಕ್ಷೆ ಬರೆಯಲು ಹೇಳಬೇಕು.