ಅಮೆರಿಕೆಯ ಹಳೆಯ ಮೋಟಾರುಗಳ ಜಾತಕ

(ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂದು ನಾನು ಆರಿಸಿಕೊಂಡ ವಿಷಯ ಅಮೆರಿಕೆಯ ಹಳೆಯ ಮೋಟಾರು ಕಾರುಗಳದು. ನಮ್ಮಲ್ಲಿ ಕಾರು ಕೊಳ್ಳುವವರು ಎಷ್ಟು ಮಂದಿ ಎಂದು ತಾವು ನಗಬಹುದು. ನಗಿರಿ. ಆದರೆ ಗುಮಾಸ್ತರು ಬರೆದ ಚೀಟಿ, ಕಾರ್ಖಾನೆಯವರು ಕಬ್ಬಿಣದ ಮೇಲೆ ಒತ್ತಿದ ಅಂಕಿ, ಇವೆರಡಕ್ಕೆ ಎಷ್ಟು ಬೆಲೆ ಬರಬಲ್ಲುದೆಂಬುದು ನಮಗೆ ಸಂಬಂಧಿಸಿದ ಮಾತೇ.

1964ರಿಂದ 1970ರ ದಶಕದ ಆರಂಭದವರೆಗೆ ಅಲ್ಲಿನ ಕಂಪನಿಗಳು ಮಧ್ಯಮ ಗಾತ್ರದ ಗಾಡಿಗಳಲ್ಲಿ ಭಾರಿ ಎಂಜಿನ್ನುಗಳನ್ನು ಕೂರಿಸಿ ಮಾರಿದವು. ಇವಕ್ಕೆ ‘ಮಸಲ್ ಕಾರು’ ಎಂದು ಹೆಸರು. ಗಿರಾಕಿಯು ಎಂಜಿನ್, ಗೇರುಪೆಟ್ಟಿಗೆ, ರೇಡಿಯೋ ಒಂದೊಂದನ್ನೂ ಪಟ್ಟಿ ನೋಡಿ ಆರಿಸುತ್ತಿದ್ದ, ಇವೇ ‘ಆಪ್ಷನ್’ಗಳು. ಅಂದು ಕೆಲವು ನೂರು ಡಾಲರು ತೆತ್ತ ಆಪ್ಷನ್ ಇಂದು ಗಾಡಿಯ ಬೆಲೆಯನ್ನೇ ಹಲವು ಪಟ್ಟು ಏರಿಸುತ್ತದೆ. ಪ್ಲಿಮತ್ ಕಂಪನಿಯ 1971ರ ‘ಹೆಮಿ ಕುಡಾ’ದಲ್ಲಿ ಮೇಲ್ಛಾವಣಿ ಮಡಿಸುವ ಮಾದರಿ ತಯಾರಾದದ್ದು 11 ಮಾತ್ರ, ಅದರಲ್ಲೊಂದು 2014ರಲ್ಲಿ 35 ಲಕ್ಷ ಡಾಲರಿಗೆ ಹರಾಜಾಯಿತು. ಹೀಗಿರುವಾಗ ನಕಲಿ ಹುಟ್ಟದಿದ್ದೀತೇ?

ಈ ಕಾರುಗಳ ಮೂಲಪುರುಷನಂತಿರುವ ಪಾಂಟಿಯಾಕ್ ‘ಜಿಟಿಓ’ವನ್ನೇ ನೋಡಿ. ಮಧ್ಯಮ ಗಾಡಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟಾರ್ಸಿನ ಕಟ್ಟಳೆ. ಪಾಂಟಿಯಾಕಿನವರು ಉಪಾಯಗಾರರು, 389 ಘನ ಅಂಗುಲದ ಎಂಜಿನ್ನನ್ನು ‘ಲೆ ಮಾನ್ಸ್’ ಗಾಡಿಯ ಒಂದು ಆಪ್ಷನ್ ಎಂದು 1964ರಲ್ಲಿ ಪಟ್ಟಿಗೆ ಸೇರಿಸಿಬಿಟ್ಟರು! ಅದರಿಂದಾಗಿ 1964 ಮತ್ತು 1965ರ ಜಿಟಿಓವಿನ ನಂಬರು ಸಾಮಾನ್ಯ ಲೆ ಮಾನ್ಸಿನ ನಂಬರಿನಂತೆಯೇ ಇದೆ. 1966ರಲ್ಲಿ ಅದು ಪ್ರತ್ಯೇಕ ಮಾದರಿಯಾಯಿತು. ಪುಣ್ಯಕ್ಕೆ ಪಾಂಟಿಯಾಕಿನ ಹಳೆಯ ಬಿಲ್ಲುಗಳು ಉಳಿದಿವೆ. ಫೋರ್ಡಿನ 1967ರಿಂದೀಚಿನ ದಾಖಲೆಯೂ ಉಳಿದಿದೆ. ಕೇಳಿದರೆ ನಕಲು ದೊರೆಯುತ್ತದೆ, ವಿವಾದ ತೀರುತ್ತದೆ.

ಶೆವ್ರೊಲೆಯದೇ ತಾಪತ್ರಯ. ಅಮೆರಿಕೆಯಲ್ಲಿ ಮಾರಿದ ಅಂದಿನ ಶೆವ್ರೊಲೆ ಗಾಡಿಗಳಿಗೆ ಇಂಥ ಆಪ್ಷನ್ ದಾಖಲೆ ಸಿಗುವುದಿಲ್ಲ. ವಿಚಿತ್ರವೆಂದರೆ ಕೆನಡಾಕ್ಕೆ ಹೋದವುಗಳ ದಾಖಲೆ ಇದೆ. 1970ರ ‘ಶೆವೆಲ್’ ಗಾಡಿಗೆ 450 ಅಶ್ವಶಕ್ತಿಯ ‘ಎಲ್‌ಎಸ್6’ ಎಂಜಿನ್ ಒಂದು ಆಪ್ಷನ್. ಗಾಡಿಯ ನಂಬರು ಎಂಟು ಸಿಲಿಂಡರಿನದೆಂದು ಹೇಳುತ್ತದೆಯೇ ಹೊರತು ಯಾವ ಎಂಟು ಸಿಲಿಂಡರೆಂದು ಹೇಳದು. ಕಾರ್ಖಾನೆಯಲ್ಲಿ ಜೋಡಿಸುವವರ ತಿಳುವಳಿಕೆಗೆ ಅಚ್ಚಾಗುತ್ತಿದ್ದ ಚೀಟಿಯೊಂದಿತ್ತು. ಕೆಲಸ ಮುಗಿದ ಮೇಲೆ ಅದು ಸೀಟಿನ ಸ್ಪ್ರಿಂಗಿನಲ್ಲೋ ಪೆಟ್ರೋಲ್ ಟ್ಯಾಂಕಿನ ಮೇಲೋ ಉಳಿದುಬಿಡುತ್ತಿತ್ತು. ಇಂದು ಇಲಿ ಕಡಿದ ಆ ಕಾಗದವೇ ನಿಧಿ. ಆದರೂ ಒಂದು ಗಾಡಿಯ ಚೀಟಿ ಇನ್ನೊಂದರಲ್ಲಿ ಸಿಕ್ಕಿದ್ದುಂಟು. ನಂಬರು ತಾಳೆ ನೋಡದೆ ನಂಬಬಾರದು.

ಕಾಗದವಿಲ್ಲದಿದ್ದರೆ ಲೋಹವನ್ನೇ ಕೇಳಬೇಕು. ಎಂಜಿನ್ನಿನ ಮುಂಭಾಗದ ಸಮತಟ್ಟಾದ ಜಾಗದಲ್ಲಿ ಎಂಜಿನ್ ಜಾತಿಯ ಅಕ್ಷರಗಳೂ ಗಾಡಿಯ ನಂಬರಿನ ಕೊನೆಯ ಅಂಕಿಗಳೂ ಇರುತ್ತವೆ. ವಂಚಕರು ಅದನ್ನು ಉಜ್ಜಿ ಹೊಸ ಅಂಕಿ ಒತ್ತುತ್ತಾರೆ. ಮಷೀನ್ ಷಾಪಿನಲ್ಲಿ ದುಡಿಯುವ ತಮಗೆ ವಿವರಿಸಬೇಕಾಗಿಲ್ಲ: ಮೊದಲ ಯಂತ್ರ ಎಳೆದ ಸಣ್ಣ ನೇರ ಗೆರೆಗಳು ಉಜ್ಜಿದಾಗ ಅಳಿದುಹೋಗುತ್ತವೆ. ಪರೀಕ್ಷಕರು ಹುಡುಕುವುದು ಆ ಗೆರೆಗಳನ್ನು. ಎರಕ ಹೊಯ್ದ ತಾರೀಖು, ಎಂಜಿನ್ ಜೋಡಿಸಿದ ತಾರೀಖು, ಗಾಡಿ ಕಟ್ಟಿದ ತಾರೀಖು ಈ ಕ್ರಮದಲ್ಲಿರಬೇಕು. ಗಾಡಿ ಹುಟ್ಟಿದ ಮೇಲೆ ಎರಕ ಹೊಯ್ದ ಎಂಜಿನ್ ಅದರ ಜೊತೆ ಬಂದದ್ದಾದೀತು ಹೇಗೆ?

ಇಷ್ಟಾದರೂ ಗಂಟು ಪೂರ್ತಿ ಬಿಡುವುದಿಲ್ಲ. ಪೆನ್ಸಿಲ್ವೇನಿಯದ ಕ್ಯಾನನ್ಸ್‌ಬರ್ಗಿನ ವ್ಯಾಪಾರಿ ಡಾನ್ ಯೆಂಕೊ 1967ರಲ್ಲಿ ‘ಕಮಾರೊ’ ಗಾಡಿಗಳಿಂದ 396ರ ಎಂಜಿನ್ ತೆಗೆದು ತನ್ನ ಅಂಗಡಿಯಲ್ಲೇ 427ರದನ್ನು ಕೂರಿಸಿದ. ಕಾರ್ಖಾನೆಯ ಕಾಗದ 396 ಎನ್ನುತ್ತದೆ, ಗಾಡಿ 427 ಎನ್ನುತ್ತದೆ, ಎರಡೂ ಸತ್ಯವೇ! ಅದೇ 1969ರಲ್ಲಿ 427ರ ಗಾಡಿಗಳು ಕಾರ್ಖಾನೆಯಿಂದಲೇ ಬಂದವು, ಟ್ಯಾಕ್ಸಿ, ಪೋಲೀಸು ಗಾಡಿಗಳಿಗೆಂದು ಇದ್ದ ವಿಶೇಷ ಆರ್ಡರಿನ ದಾರಿಯಲ್ಲಿ. ಅಲ್ಯೂಮಿನಿಯಂ ಎಂಜಿನ್ನಿನ ‘ಜೆಡ್‌ಎಲ್1’ ಕಮಾರೊ ಆ ವರ್ಷ 69 ಮಾತ್ರ ತಯಾರಾದವು. ಎಂಜಿನ್ನಿಗೇ 4,000 ಡಾಲರಿಗೂ ಮೇಲಾದ್ದರಿಂದ ಅಂದು ಕೊಳ್ಳುವವರು ಹಿಂಜರಿದರು.

ಎಂಜಿನ್ನಿನದು ಹೀಗಾದರೆ ರೇಡಿಯೋ, ಗಡಿಯಾರಗಳಂಥ ಚಿಲ್ಲರೆ ಆಪ್ಷನ್‌ಗಳ ಮಾತೇ ಬೇಡ. ಮೊದಲ ಯಜಮಾನ ಮುಂದಿನ ವಾರ ಅಂಗಡಿಯಿಂದ ತಂದು ಹಾಕಿಸಿದ್ದರೆ ಯಾವ ಕಾಗದ ಹೇಳೀತು? ‘ದಾಖಲೆ ಇಲ್ಲ’ ಎಂದು ಮಾರಾಟದ ಪತ್ರದಲ್ಲಿ ಬರೆದುಕೊಡುವ ಮಾಲೀಕರೂ ಅಲ್ಲಿ ಇದ್ದಾರೆ. ಅಂಥವರ ಗಾಡಿ ಕಡಿಮೆ ಬೆಲೆಗೆ ಹೋಗುತ್ತದೆ.