ಬೇಸಿಗೆಯ ಮನೆಗೆಲಸ ಮತ್ತು ನಮ್ಮ ಮಕ್ಕಳು



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರ ಮಾತು. ನಮ್ಮ ಹಳ್ಳಿಗಳಲ್ಲಿ ಈ ಎರಡು ಕೆಲಸಗಳೂ ಒದಗಿ ಬರುವುದು ಬೇಸಿಗೆಯಲ್ಲಿಯೇ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಸಿಗುವ ಕೆಲವೇ ವಾರಗಳಲ್ಲಿ ಹೆಂಚು ಕೈಯಾಡಿಸಬೇಕು, ಮಾಳಿಗೆಗೆ ಮಣ್ಣು ಹೊದಿಸಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ಸೌದೆ ಕೂಡಿಡಬೇಕು, ಹಪ್ಪಳ ಸಂಡಿಗೆ ಒಣಗಿಸಬೇಕು. ಇವುಗಳ ನಡುವೆ ನೆಂಟರಿಷ್ಟರ ಮದುವೆಗಳು. ಇದೇ ಸಮಯಕ್ಕೆ ಶಾಲೆಗಳಿಗೆ ರಜೆ ಬಂದು ಮಕ್ಕಳೆಲ್ಲರೂ ಮನೆಯಲ್ಲಿರುತ್ತಾರೆ. ಹೆಸರಿಗೆ ಇದು ಬಿಡುವಿನ ಕಾಲ. ಆದರೆ ತಂದೆತಾಯಿಯರಿಗೆ ವರ್ಷದಲ್ಲಿ ಇಷ್ಟು ಕೈತುಂಬ ಕೆಲಸವಿರುವ ಕಾಲ ಬೇರೊಂದಿಲ್ಲ. ಈ ಕಾಲವನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತುಗಳನ್ನಾಡಲು ಬಯಸುತ್ತೇನೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಾಗಿ ನಾನು ಸೇವೆಗೆ ಸೇರಿದ ಮೊದಲ ಬೇಸಿಗೆಯಲ್ಲಿ ಒಂದು ಸಂಜೆ ರೈತ ದಂಪತಿಗಳು ತಮ್ಮ ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಬಂದರು. ತಂದೆಯ ಕೈಗಳು ಮೊಣಕೈವರೆಗೆ ಸುಣ್ಣವಾಗಿದ್ದವು. ತಾಯಿಯ ಕಂಕುಳಲ್ಲಿ ಎಂಟು ತಿಂಗಳ ಕೂಸು; ಸೆರಗು ಹಿಡಿದು ನಿಂತಿದ್ದ ಇನ್ನೊಂದು ಮಗುವಿಗೆ ಎರಡು ವರ್ಷ ತುಂಬಿ ಸ್ವಲ್ಪ ಕಾಲವಾಗಿತ್ತಷ್ಟೆ. ತಂಗಿಯ ಮದುವೆಗೆಂದು ತಂದೆ ಮನೆಗೆ ಸುಣ್ಣ ಬಳಿಯಲು ತೊಡಗಿದ್ದರು. ಸುಟ್ಟ ಸುಣ್ಣದ ಕಲ್ಲಿಗೆ ನೀರೆರೆದಾಗ ಅದು ಕುದಿಯುವುದನ್ನು ನೋಡಲು ಹುಡುಗ ಬಗ್ಗಿದ್ದಾನೆ. ಸುಣ್ಣ ಸಿಡಿದು ಅವನ ಕಣ್ಣಿಗೆ ಬಿದ್ದಿದೆ. ಪಕ್ಕದಲ್ಲಿಯೇ ನೀರು ತುಂಬಿದ ಹಂಡೆಯಿತ್ತು. ಆದರೆ ನೀರು ತಾಕಿದರೆ ಕಣ್ಣಿನೊಳಗಿನ ಸುಣ್ಣ ಇನ್ನಷ್ಟು ಕುದಿಯುವುದೆಂದು ಹೆದರಿ, ಎಣ್ಣೆ ಬಿಟ್ಟು ಬಟ್ಟೆ ಕಟ್ಟಿದ್ದರು. ಹೀಗೆ ಮೂರು ಗಂಟೆಗಳು ಕಳೆದಿದ್ದವು. ನಾನು ಕಣ್ಣನ್ನು ಬಹಳ ಹೊತ್ತು ತೊಳೆದು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆ. ಮಗುವಿನ ಆ ಕಣ್ಣಿಗೆ ಪೂರ್ಣ ದೃಷ್ಟಿ ಮರಳಲಿಲ್ಲ.

ಆ ತಂದೆ ಅಂದು ಕೇಳಿದ ಒಂದು ಮಾತು ನನಗೆ ಇಂದಿಗೂ ನೆನಪಿದೆ. "ಡಾಕ್ಟರೇ, ನಾವಿಬ್ಬರೂ ಅಲ್ಲೇ ಇದ್ದೆವಲ್ಲ!"

ಹೌದು, ಇಬ್ಬರೂ ಅಲ್ಲಿಯೇ ಇದ್ದರು. ಆತನು ಸುಣ್ಣದ ಕೆಲಸದಲ್ಲಿ, ಆಕೆಯು ಕೂಸಿಗೆ ಹಾಲೂಡಿಸುವ ಕೆಲಸದಲ್ಲಿ. ಹುಡುಗನನ್ನು ಆಕೆ ನೋಡಿಕೊಂಡಾಳೆಂದು ಆತನೂ, ಆತ ನೋಡಿಕೊಂಡಾನೆಂದು ಆಕೆಯೂ ತಿಳಿದಿದ್ದರು. ಇದು ಪ್ರೀತಿಯ ಕೊರತೆಯಲ್ಲ. ಮಗುವನ್ನು ನೋಡಿಕೊಳ್ಳುವುದೂ ಅಂದಿನ ಕೆಲಸಗಳಲ್ಲೊಂದು ಎಂದು ಅವರು ಎಣಿಸಿರಲಿಲ್ಲ, ಅಷ್ಟೆ. ನಮ್ಮಲ್ಲಿ ಬಹುಮಂದಿ ಮಾಡುವ ತಪ್ಪೂ ಇದೇ.

ಸರದಿಯನ್ನು ಹೇಳಿ ವಹಿಸಿಕೊಳ್ಳಿ

ಆದುದರಿಂದ ನನ್ನ ಮೊದಲ ಮನವಿ ಇದು. ಬೆಳಗ್ಗೆ ಕೆಲಸ ಹಂಚಿಕೊಳ್ಳುವಾಗಲೇ, ಯಾವ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಬಾಯಿಬಿಟ್ಟು ಹೇಳಿ ಗೊತ್ತುಮಾಡಿಕೊಳ್ಳಿ. ಸರದಿ ಹೊತ್ತವರು ಆ ಹೊತ್ತಿನಲ್ಲಿ ಏಣಿ ಹತ್ತಬಾರದು, ಗುದ್ದಲಿ ಹಿಡಿಯಬಾರದು. ಎಂಟು ವರ್ಷದ ಅಕ್ಕನ ಮೇಲೆ ಎರಡು ವರ್ಷದ ತಮ್ಮನ ಹೊಣೆಯನ್ನು ಹೊರಿಸಬಾರದು, ಆಕೆಯೂ ಮಗುವೇ. ಇದು ತಾಯಿಯೊಬ್ಬಳ ಕರ್ತವ್ಯವೆಂದು ಗಂಡಂದಿರು ಭಾವಿಸಬಾರದು. ನಾನೂ ಇಬ್ಬರು ಮಕ್ಕಳ ತಂದೆ. ನಮ್ಮ ಮನೆಯಲ್ಲಿ 'ಈಗ ನನ್ನ ಸರದಿ' ಎಂದು ಹೇಳಿಯೇ ವಹಿಸಿಕೊಳ್ಳುತ್ತೇವೆ. ಮೊದಮೊದಲು ಇದು ನಗೆಯ ಮಾತಾಗಿತ್ತು, ಈಗ ರೂಢಿಯಾಗಿದೆ.

ಸುಣ್ಣವನ್ನು ಮಕ್ಕಳು ಇಲ್ಲದ ಹೊತ್ತಿನಲ್ಲಿ ಅರಳಿಸಿ. ಕಣ್ಣಿಗೆ ಬಿದ್ದುದಾದರೆ ಕಾಣುವ ಹರಳನ್ನು ಒದ್ದೆಬಟ್ಟೆಯ ತುದಿಯಿಂದ ಒಡನೆ ತೆಗೆದು, ಶುದ್ಧವಾದ ತಣ್ಣೀರನ್ನು ಕನಿಷ್ಠ ಅರ್ಧ ಗಂಟೆ ಧಾರಾಳವಾಗಿ ಸುರಿಯುತ್ತ ರೆಪ್ಪೆ ಬಿಡಿಸಿ ತೊಳೆಯಬೇಕು. ಅನಂತರ ತಡಮಾಡದೆ ಆಸ್ಪತ್ರೆಗೆ ಬರಬೇಕು. ಎಣ್ಣೆ, ತುಪ್ಪ, ಎದೆಹಾಲು ಯಾವುದನ್ನೂ ಹಾಕಬಾರದು. ಸೀಮೆಎಣ್ಣೆ, ಬಣ್ಣದ ಎಣ್ಣೆ, ಬೆಳೆಗೆ ಹೊಡೆಯುವ ಔಷಧಿ ಇವುಗಳನ್ನು ತಂಪುಪಾನೀಯದ ಬಾಟಲಿಗಳಲ್ಲಿ ತುಂಬಿಡಬೇಡಿ. ಬಾಯಾರಿದ ಮಗುವಿಗೆ ಬಾಟಲಿಯ ಗುರುತಷ್ಟೇ ಗೊತ್ತು. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸದೆ, ಆ ಬಾಟಲಿಯೊಡನೆ ಮಗುವನ್ನು ಆಸ್ಪತ್ರೆಗೆ ಕರೆತನ್ನಿ. 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ.

ಮನೆಮಂದಿಯೆಲ್ಲ ಸೇರಿ ಒಂದು ಕೆಲಸ

ಇನ್ನೂ ಶೌಚಾಲಯವಿಲ್ಲದ ಮನೆಯವರು ಈ ಬೇಸಿಗೆಯಲ್ಲಿ ಆ ಒಂದು ಕೆಲಸವನ್ನು ಕೈಗೊಳ್ಳಿರೆಂದು ನನ್ನ ಸಲಹೆ. ಎರಡು ಗುಂಡಿಗಳ ಶೌಚಾಲಯ ನಮ್ಮ ಹಳ್ಳಿಗಳಿಗೆ ಒಗ್ಗುವಂಥದು. ಐದಾರು ಮಂದಿಯ ಕುಟುಂಬಕ್ಕೆ ಸುಮಾರು ಒಂದು ಮೀಟರು ಅಗಲ, ಒಂದು ಕಾಲು ಮೀಟರು ಆಳದ ಎರಡು ದುಂಡು ಗುಂಡಿಗಳು ಸಾಕು. ಅವುಗಳ ನಡುವೆ ಒಂದು ಮೀಟರು ಅಂತರವಿರಲಿ. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 10 ಮೀಟರು ದೂರವಿರಲಿ. ಒಳಗೋಡೆಗೆ ಇಟ್ಟಿಗೆಗಳನ್ನು ಸಂದು ಬಿಟ್ಟು ಜೋಡಿಸಬೇಕು. ತಳಕ್ಕೆ ಗಾರೆ ಹಾಕಬಾರದು. ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ನೀರು ತಿರುಗಿಸಿ. ಎರಡು ವರ್ಷ ಹಾಗೆಯೇ ಬಿಟ್ಟರೆ ಅದರಲ್ಲಿರುವುದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಮಿಷನ್ನಿನಲ್ಲಿ ಅರ್ಹ ಗ್ರಾಮೀಣ ಕುಟುಂಬಕ್ಕೆ 12,000 ರೂಪಾಯಿಗಳ ಪ್ರೋತ್ಸಾಹಧನವನ್ನು ಗೊತ್ತುಪಡಿಸಲಾಯಿತು. ಸದ್ಯದ ನಿಯಮಗಳನ್ನು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ. ತೋಡಿದ ಗುಂಡಿಯನ್ನು ಒಂದು ರಾತ್ರಿಯೂ ತೆರೆದು ಬಿಡಬೇಡಿ. ಹಲಗೆ ಹಾಸಿ, ಸುತ್ತ ಮುಳ್ಳು ಹಾಕಿ.

ಮಕ್ಕಳನ್ನು ಕೆಲಸದಿಂದ ಅಟ್ಟುವುದಕ್ಕಿಂತ ಅವರವರ ವಯಸ್ಸಿಗೆ ತಕ್ಕ ಪಾಲು ಕೊಡುವುದು ಲೇಸು. ಐದು ವರ್ಷದ ಮಗು ಸಂಡಿಗೆಗೆ ಕಾಗೆ ಕಾಯಬಲ್ಲದು, ಅವರೆಯ ಬೀಜವನ್ನು ಆರಿಸಬಲ್ಲದು. ಹತ್ತು ವರ್ಷದವರು ಗುಂಡಿಯ ಅಳತೆಗೆ ಟೇಪು ಹಿಡಿಯಲಿ, ಇಟ್ಟಿಗೆ ಎಣಿಸಿ ಲೆಕ್ಕ ಬರೆಯಲಿ. ಬಚ್ಚಲಿನ ನೀರು ಹರಿಯುವ ಕಡೆ ಒಂದು ನುಗ್ಗೆಯ ಕೊಂಬೆಯನ್ನು ನೆಡಿಸಿ, 'ಇದು ನಿನ್ನ ಗಿಡ' ಎಂದು ಹೇಳಿ ನೋಡಿ. ನೀವು ಹೇಳದೆಯೇ ನೀರು ಹಾಕುತ್ತಾರೆ. ನುಗ್ಗೆಸೊಪ್ಪಿನ ಸಾರು ಮನೆಯವರೆಲ್ಲರಿಗೂ ಹಿತ. ಗಂಡುಮಗು ಪಾತ್ರೆ ತೊಳೆದರೆ, ಹೆಣ್ಣುಮಗು ಲೆಕ್ಕ ಹಿಡಿದರೆ ಯಾರ ಗೌರವಕ್ಕೂ ಕುಂದಿಲ್ಲ.

ಬಿಸಿಲು ಮತ್ತು ನೀರು

ಹನ್ನೆರಡರಿಂದ ಮೂರು ಗಂಟೆಯವರೆಗೆ ಮಾಡಿನ ಮೇಲಿನ ಕೆಲಸ ಬೇಡ. ಮಜ್ಜಿಗೆ, ಅಂಬಲಿ, ಪಾನಕ ಮಕ್ಕಳಿಗೆ ಆಗಾಗ ಸಿಗುತ್ತಿರಲಿ. ಭೇದಿಯಾದರೆ ಒಂದು ಪೊಟ್ಟಣ ಓಆರ್‌ಎಸ್ ಪುಡಿಯನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿ. 24 ಗಂಟೆಗಳ ಅನಂತರ ಉಳಿದುದನ್ನು ಚೆಲ್ಲಿ. ಇದರೊಡನೆ ಕೊಡುವ ಸತುವಿನ ಮಾತ್ರೆಯನ್ನು, ಭೇದಿ ನಿಂತರೂ, 14 ದಿನ ಕೊಡಬೇಕು. ಬಿಸಿಲಿನಲ್ಲಿದ್ದವರ ಮೈ ಸುಡುತ್ತ ಮಾತು ತೊದಲಿದರೆ ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.

ರಜೆಯ ದಿನಗಳಲ್ಲಿ ಬಾವಿ, ಕೆರೆ, ಕೃಷಿಹೊಂಡಗಳು ಮಕ್ಕಳನ್ನು ಕರೆಯುತ್ತವೆ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ದಂಡೆ ಜಾರುತ್ತದೆ. ಈಜು ಬಲ್ಲ ಹುಡುಗನೂ ಅದನ್ನು ಹತ್ತಿ ಮೇಲೆ ಬರಲಾರ. ಸುತ್ತ ಬೇಲಿಯಿರಲಿ, ಒಳಕ್ಕೆ ಗಟ್ಟಿಯಾಗಿ ಕಟ್ಟಿದ ಹಗ್ಗ ಇಳಿಬಿಟ್ಟಿರಲಿ. ಈಜು ಕಲಿಸುವುದು ಒಳ್ಳೆಯದೇ. ನಮ್ಮ ತಂದೆಯವರು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಕಲಿಸಿದಂತೆ, ನೀವೇ ನೀರಿಗಿಳಿದು ಕಲಿಸಿ. ಅಂತಹ ಒಂದು ಮಧ್ಯಾಹ್ನವನ್ನು ಮಕ್ಕಳು ಬಾಳೆಲ್ಲ ನೆನೆಯುತ್ತಾರೆ.

ಕೈಗಳೆಷ್ಟು, ಕೂಸುಗಳೆಷ್ಟು?

ಆ ರೈತ ದಂಪತಿಗಳ ವಿಷಯಕ್ಕೆ ಮರಳುತ್ತೇನೆ. ನಾಲ್ಕು ವರ್ಷ, ಎರಡು ವರ್ಷ, ಎಂಟು ತಿಂಗಳು: ಮೂರೂ ಎಳೆಯ ಮಕ್ಕಳು, ನೋಡಿಕೊಳ್ಳಲು ಇಬ್ಬರೇ. ಆ ತಾಯಿಯನ್ನು ದೂರುವುದು ಅನ್ಯಾಯ. ಮೊದಲ ಮಗು ತನ್ನ ಕಾಲ ಮೇಲೆ ನಿಂತು, ಹೇಳಿದ ಮಾತು ತಿಳಿಯುವಷ್ಟಾದ ಮೇಲೆ ಎರಡನೆಯದು ಬಂದರೆ ಇಬ್ಬರಿಗೂ ತಾಯಿಯ ಮಡಿಲು, ತಂದೆಯ ಹೆಗಲು ದೊರೆಯುತ್ತವೆ. ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ ಎರಡು ವರ್ಷಗಳಾದರೂ ಕಳೆಯಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅಂದರೆ ಮಕ್ಕಳ ನಡುವೆ ಸುಮಾರು ಮೂರು ವರ್ಷ. ತಾಯಿಯ ಮೈಯಲ್ಲಿ ರಕ್ತ ತುಂಬಿಕೊಳ್ಳಲು ಈ ಅವಧಿ ಬೇಕು. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಆಕೆಗೆ ಏಣಿಯ ಕೆಲಸ, ಇಟ್ಟಿಗೆ ಹೊರುವ ಕೆಲಸ ಸಲ್ಲದು.

ಅಂತರವಿಡಲು ಸಾಧನಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ: ಹತ್ತು ವರ್ಷಗಳವರೆಗೆ ಫಲಕಾರಿಯಾದ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ನಿರೋಧ್. ನಿಮ್ಮ ಮೈಗೆ ಯಾವುದು ಹೊಂದುವುದೆಂಬುದನ್ನು ವೈದ್ಯರೊಡನೆ ಮಾತಾಡಿ ನೀವೇ ಆರಿಸಿಕೊಳ್ಳಿ. ಇನ್ನು ಮಕ್ಕಳು ಬೇಡವೆಂದು ಇಬ್ಬರೂ ನಿಶ್ಚಯಿಸಿದ್ದರೆ, ಗಂಡಸರಿಗೆ ಮಾಡುವ ಹೊಲಿಗೆಯಿಲ್ಲದ ಶಸ್ತ್ರಚಿಕಿತ್ಸೆ ಹೆಂಗಸರ ಶಸ್ತ್ರಚಿಕಿತ್ಸೆಗಿಂತ ಸರಳವಾದುದು. ಅದರ ಅನಂತರ ಮೂರು ತಿಂಗಳು, ವೀರ್ಯ ಪರೀಕ್ಷೆಯಾಗುವವರೆಗೆ, ನಿರೋಧ್ ಬಳಸಬೇಕು. ಮಗುವನ್ನು ನೋಡಿಕೊಳ್ಳುವ ಸರದಿಯಂತೆ ಇದರಲ್ಲಿಯೂ ಗಂಡನಿಗೆ ಪಾಲಿದೆ.

ಕೊನೆಯದಾಗಿ ಒಂದು ಮಾತು. ದಿನದ ಕೆಲಸ ಮುಗಿಸಿ ಕೈಕಾಲು ತೊಳೆದ ಮೇಲೆ ಮೊಬೈಲನ್ನು ಬದಿಗಿಟ್ಟು ಒಂದು ಗಂಟೆ ಜಗುಲಿಯ ಮೇಲೆ ಮಕ್ಕಳೊಡನೆ ಕುಳಿತುಕೊಳ್ಳಿ. ಚೌಕಾಬಾರ ಆಡಿ, ಕತೆ ಹೇಳಿ, ಅವರ ಕತೆಯನ್ನೂ ಕೇಳಿ. ಎಲ್ಲ ಕೆಲಸವೂ ಮಳೆಗೆ ಮುಂಚೆ ಮುಗಿಯದಿದ್ದರೆ ಚಿಂತೆಯಿಲ್ಲ. ಗೋಡೆಗೆ ಬರುವ ವರ್ಷವೂ ಸುಣ್ಣ ಬಳಿಯಬಹುದು. ಶಾಲೆಯ ಬಾಗಿಲು ಮತ್ತೆ ತೆರೆಯುವ ದಿನ ನಿಮ್ಮ ಮಕ್ಕಳು ಕೈಕಾಲು ಕಣ್ಣು ಕ್ಷೇಮವಾಗಿ, ನಗುನಗುತ್ತ ಹೊರಟರೆ ಈ ಬೇಸಿಗೆ ಸಾರ್ಥಕವಾಯಿತೆಂದು ತಿಳಿಯಿರಿ. ಸಂದೇಹಗಳಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ನಮ್ಮ ಆರೋಗ್ಯ ಕೇಂದ್ರಕ್ಕೆ ದಂಪತಿಗಳಿಬ್ಬರೂ ಬನ್ನಿ.