ನಡುವಯಸ್ಸಿನ ಗಗನಯಾನ

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಿಯೋ ಕೃಷ್ಣರಾಜನಗರದ ಭತ್ತದ ಗದ್ದೆಗಳಲ್ಲಿಯೋ ಅರ್ಧಾಯುಷ್ಯವನ್ನು ಸವೆಸಿದವನೊಬ್ಬನು ತಾನು ವಿಮಾನಚಾಲಕನಾಗುವೆನೆಂದರೆ ನೆರೆಹೊರೆಯವರು ನಕ್ಕಾರು. ಆದರೆ ನಿಯಮವು ನಗುವುದಿಲ್ಲ. ವಾಣಿಜ್ಯ ಪರವಾನಗಿಗೆ ಕನಿಷ್ಠ ವಯಸ್ಸು 18 ಎಂದು ವಿಧಿಸಿರುವ ಅದು, 200 ಗಂಟೆಗಳ ಹಾರಾಟವನ್ನೂ ಕಠಿಣವಾದ ವೈದ್ಯಕೀಯ ಪರೀಕ್ಷೆಯನ್ನೂ ಕೇಳುವುದೇ ಹೊರತು ತಲೆಯ ನರೆಗೂದಲನ್ನು ಎಣಿಸುವುದಿಲ್ಲ. ವಿಮಾನಸಂಸ್ಥೆಯ ಹಾರಾಟವು ಮಾತ್ರ 65ಕ್ಕೆ ಮುಗಿಯತಕ್ಕದ್ದು. ನಲವತ್ತೈದರಲ್ಲಿ ಹೊರಟವನಿಗೆ ಕಲಿಕೆಯೂ ಸೇರಿ ಉಳಿಯುವುದು ಇಪ್ಪತ್ತೇ ವರ್ಷ.

ನಡುವಯಸ್ಸಿನಲ್ಲಿ ಗಗನದತ್ತ ಹೊರಳಿದವರ ನಿದರ್ಶನವುಂಟು: ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಸೈನ್ಯವನ್ನು ತೊರೆದು, ರೇಷ್ಮೆಯ ಕೃಷಿಯಲ್ಲಿ ಪಳಗಿ, ಐವತ್ತು ದಾಟಿದ ಮೇಲೆ 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಗಗನಕ್ಕೇರಿಸಿದರು. ಚಾಲಕರಾಗಿ ಅಲ್ಲ, ಸ್ಥಾಪಕರಾಗಿ ಎಂಬುದು ಬೇರೆ ಮಾತು. ಚಾಲಕರಾಗುವ ಹಂಬಲವುಳ್ಳವರು ಜಮೀನನ್ನು ಅಡವಿಟ್ಟು ತರಬೇತಿಯ ಶುಲ್ಕವನ್ನು ಕಟ್ಟುವುದಕ್ಕೆ ಮುನ್ನ ವೈದ್ಯಕೀಯ ಪರೀಕ್ಷೆಯನ್ನು ಮುಗಿಸಿಕೊಳ್ಳಲಿ.